ಈ ಮೀಸೆ ಇರುವ ತನಕ

ಐನ್ ಅಲ್ ಲೌಜ್, ಕೆಳಗೇರಿ
14 ನವೆಂಬರ್ 2003

ಸನ್ಮಾನ್ಯ ಮುಖ್ತಾರ್ ಅಸ್ಸಾಫ್ ದಾಹಿರ್ ಅವರಿಗೆ,

ತಮ್ಮ ಮನೆಗೂ ನನ್ನ ಕ್ಷೌರದಂಗಡಿಗೂ ನಡುವೆ ಇರುವುದು ಮೂರೇ ಮನೆ. ಆದರೂ ಈ ಕಾಗದವನ್ನು ನನ್ನ ತಂಗಿ ವದಾದ್‌ಳ ಕೈಯಲ್ಲಿ, ಮಾಂಸದ ಕಿಬ್ಬೆಯ ತಟ್ಟೆಯ ಅಡಿಯಲ್ಲಿಟ್ಟು ಕಳಿಸುತ್ತಿದ್ದೇನೆ. ಆ ತಂಗಿ ತಮ್ಮ ಹೆಂಡತಿಯೂ ಆಗಿರುವುದು ಅವಳ ಹಣೆಬರಹ. ತಾವು ನನ್ನೊಡನೆ ಮಾತು ಬಿಟ್ಟು ಐದೂವರೆ ವರ್ಷವಾಯಿತು. ನಾನೂ ಬಿಟ್ಟಿದ್ದೇನೆ. ಹಾಗಾಗಿ ಇದನ್ನು ಮಾತೆಂದು ಎಣಿಸಬೇಡಿ, ಅರ್ಜಿಯೆಂದು ಎಣಿಸಿ.

ವಿಷಯ ಇಷ್ಟು. ಹನ್ನೊಂದು ವರ್ಷದ ಹಿಂದೆ ನರ್ಸ್ ಕೆಲಸಕ್ಕೆಂದು ಸಿಡ್ನಿಗೆ ಹೋದ ನನ್ನ ಮಗಳು ಮುನಾ ತನ್ನ ಮೂವತ್ತೆಂಟನೆಯ ವಯಸ್ಸಿನಲ್ಲಿ ಕೊನೆಗೂ ಒಬ್ಬನನ್ನು ಒಪ್ಪಿದ್ದಾಳೆ. ಗ್ರೀಕ್ ಹುಡುಗ. ಹುಡುಗ ಅನ್ನುವುದು ಮರ್ಯಾದೆಗೆ. ಫೋಟೋ ನೋಡಿದೆ, ತಲೆಯಲ್ಲಿ ಒಂದು ಕೂದಲೂ ಇಲ್ಲ. ನಲವತ್ತು ವರ್ಷ ಕತ್ತರಿ ಹಿಡಿದವನಿಗೆ ದೇವರು ಇಂಥ ಅಳಿಯನನ್ನು ಕೊಟ್ಟಿದ್ದಾನೆ. ಇರಲಿ, ಹುಡುಗಿ ನಗುತ್ತಿದ್ದಾಳೆ, ನನಗಷ್ಟು ಸಾಕು. ಮದುವೆ ಈಸ್ಟರ್ ಕಳೆದ ಮುಂದಿನ ಭಾನುವಾರ, ಏಪ್ರಿಲ್ ಹದಿನೆಂಟಕ್ಕೆ. ಇಗರ್ಜಿಯ ಬಾಗಿಲಿನಿಂದ ಬಲಿಪೀಠದವರೆಗೆ ಅವಳ ಕೈ ಹಿಡಿದು ನಡೆಸಬೇಕಾದವನು ನಾನು. ಅವಳ ತಾಯಿ ಇಲ್ಲ. ನಾನೂ ಹೋಗದಿದ್ದರೆ ನಮ್ಮ ಕಡೆಯವರು ಅಂತ ಅಲ್ಲಿ ಒಂದು ನರಪಿಳ್ಳೆಯೂ ಇರುವುದಿಲ್ಲ.

ವೀಸಾಕ್ಕೆ ಒಂಬತ್ತು ಕಾಗದ ಕೇಳಿದ್ದಾರೆ. ಒಂಬತ್ತಕ್ಕೂ ತಾಯಿಬೇರು ಕುಟುಂಬದ ದಾಖಲೆ. ಆ ದಾಖಲೆಯನ್ನು ಪಟ್ಟಣದ ನೋಂದಣಿ ಕಚೇರಿಯವರು ಕೊಡಬೇಕಾದರೆ ‘ಫೋಟೋದಲ್ಲಿರುವವನು ಇವನೇ, ನನ್ನ ಊರಿನವನೇ’ ಎಂದು ಕೇರಿಯ ರಿಜಿಸ್ಟರು ಇಟ್ಟಿರುವ ಮುಖ್ತಾರರು ಮುದ್ರೆ ಒತ್ತಬೇಕು. ಮೇಲುಗೇರಿಯ ಮುಖ್ತಾರ್ ನಿಕೂಲಾ ಬಳಿ ಹೋಗಿದ್ದೆ. ಕಾಫಿ ಕೊಟ್ಟ, ರಿಜಿಸ್ಟರು ತೆರೆದ, ಮುಚ್ಚಿದ. ‘ನಿನ್ನ ಮುಖ ನಂಗೆ ಅರವತ್ತು ವರ್ಷದಿಂದ ಗೊತ್ತು ಕಣಯ್ಯಾ, ಆದ್ರೆ ನನ್ನ ಪುಸ್ತಕಕ್ಕೆ ಗೊತ್ತಿಲ್ಲ’ ಅಂದ. ನಾನಿರುವುದು ತಮ್ಮ ಪುಸ್ತಕದಲ್ಲಿ.

ಭರ್ತಿ ಮಾಡಿದ ಅರ್ಜಿ, ಎರಡು ಫೋಟೋ ಇದರೊಂದಿಗಿವೆ. ತಟ್ಟೆ ವಾಪಸು ಕಳಿಸಬೇಕು.

ತಮ್ಮ ರಿಜಿಸ್ಟರಿನ ನಲವತ್ತೇಳನೆಯ ಸಂಖ್ಯೆಯ,
ನಖ್ಲೆ ಸಿಮಾನ್


ಮುಖ್ತಾರರ ಕಚೇರಿ, ಐನ್ ಅಲ್ ಲೌಜ್ (ಕೆಳಗೇರಿ)
20 ನವೆಂಬರ್ 2003

ಕ್ಷೌರಿಕ ನಖ್ಲೆ ಸಿಮಾನ್ ಅವರಿಗೆ,

ತಮ್ಮ ಇದೇ ತಿಂಗಳ ಹದಿನಾಲ್ಕರ ಅರ್ಜಿ ಕಚೇರಿಗೆ ತಲುಪಿದೆ. ಕಿಬ್ಬೆಯೂ ತಲುಪಿದೆ. ಕಿಬ್ಬೆಯಲ್ಲಿ ಉಪ್ಪು ಕಡಿಮೆಯಿತ್ತು.

ಅರ್ಜಿಯನ್ನು ಕೂಲಂಕಷವಾಗಿ ಪರಿಶೀಲಿಸಲಾಗಿ, ಅದನ್ನು ಪುರಸ್ಕರಿಸಲು ಈ ಕಚೇರಿಗೆ ಸಾಧ್ಯವಿಲ್ಲವೆಂದು ಈ ಮೂಲಕ ತಿಳಿಸಲಾಗಿದೆ. ಕಾರಣ ತಮಗೆ ಗೊತ್ತಿಲ್ಲದ್ದಲ್ಲ. ಮರೆತಿದ್ದರೆ ನೆನಪಿಸುವುದು ಕಚೇರಿಯ ಕರ್ತವ್ಯ.

1998ರಲ್ಲಿ, ಮೂವತ್ತೈದು ವರ್ಷಗಳ ಮೇಲೆ ಈ ದೇಶದಲ್ಲಿ ಮುಖ್ತಾರರ ಚುನಾವಣೆ ನಡೆಯಿತು. ನಾನು ನಿಂತೆ. ಯಾರ ಮತ ಬಂತು, ಯಾರದು ಬರಲಿಲ್ಲ ಎಂದು ತಿಳಿಯಲು ಎಲ್ಲರೂ ಮಾಡುವಂತೆ ನಾನೂ ಒಬ್ಬೊಬ್ಬರಿಗೆ ನನ್ನ ಹೆಸರನ್ನು ಒಂದೊಂದು ಬಗೆಯಾಗಿ ಬರೆಯಲು ಹಂಚಿದ್ದೆ. ನಿಕೂಲಾನ ತಮ್ಮನಿಗೆ ‘ದಾಹಿರರ ಅಸ್ಸಾಫ್’. ನಿಮ್ಮ ಹೆಂಡತಿ ನಜೀಬಾಗೆ ‘ಅಸ್ಸಾಫ್ ದಾಹಿರ್, ಕೆಳಗೇರಿ’. ನಿಮಗೆ ನಮ್ಮ ಹಿರಿಮಗನ ಹೆಸರು ಸೇರಿಸಿ ‘ತನ್ನೂಸನ ಅಪ್ಪ ಅಸ್ಸಾಫ್ ದಾಹಿರ್’. ಎಣಿಕೆಯ ದಿನ ಚೀಟಿ ಓದುತ್ತ ಹೋದಂತೆ ನಾನು ಪಟ್ಟಿಯಲ್ಲಿ ಗೀಟು ಹಾಕುತ್ತ ಕೂತಿದ್ದೆ. ನಜೀಬಾಳದು ಬಂತು. ಆ ಪುಣ್ಯಾತ್ಗಿತ್ತಿಯ ಆತ್ಮಕ್ಕೆ ಶಾಂತಿ ಸಿಗಲಿ. ತನ್ನೂಸನ ಅಪ್ಪನನ್ನು ಮಾತ್ರ ಯಾರೂ ಕೂಗಲಿಲ್ಲ. ನನ್ನ ಹೆಂಡತಿಯ ಒಡಹುಟ್ಟಿದ ಅಣ್ಣ, ನನ್ನೊಡನೆ ಒಂದೇ ಬೆಂಚಿನಲ್ಲಿ ಅಕ್ಷರ ಕಲಿತವನು, ಅದೇ ಬೆಳಗ್ಗೆ ನನ್ನ ಮೀಸೆಗೆ ಎರಡು ಗಂಟೆ ಎಣ್ಣೆ ತಿಕ್ಕಿದವನು, ಪರದೆಯ ಹಿಂದೆ ಹೋಗಿ ಬೇರೆಯವನ ಹೆಸರು ಬರೆದ.

ಇದರ ಮೇಲೆ ಯಾರೋ ಚೀಟಿಯಲ್ಲಿ ನನ್ನ ಮೀಸೆಯ ಚಿತ್ರ ಬರೆದು ಹಾಕಿದ್ದರು. ಅಧಿಕಾರಿ ಅದನ್ನು ಎತ್ತಿ ಹಿಡಿದು, ಹೆಸರನ್ನೂ ಓದದೆ ‘ಅಸಿಂಧು’ ಅಂದ. ಶಾಲೆಯ ಸಭಾಂಗಣವಿಡೀ ಹೊಟ್ಟೆ ಹಿಡಿದು ನಕ್ಕಿತು. ಗೆದ್ದ ದಿನವೇ ನನ್ನ ಮಾನ ಹೋಯಿತು.

ಆ ದಿನ ನಾನು ಎದ್ದು ನಿಂತು, ಊರೆದುರು, ಮೀಸೆ ಹಿಡಿದು ಹೇಳಿದ್ದೇನೆ: ಈ ಮೀಸೆ ನನ್ನ ಮುಖದ ಮೇಲೆ ಇರುವ ತನಕ ನಖ್ಲೆ ಸಿಮಾನನ ಹೆಸರಿನ ಕಾಗದಕ್ಕೆ ನನ್ನ ಮುದ್ರೆ ಬೀಳುವುದಿಲ್ಲ. ಮೀಸೆ ಇನ್ನೂ ಇದೆ.

ಆದರೂ ಮುನಾಳ ಮದುವೆಯೆಂದು ಕೇಳಿ ಕಚೇರಿ ಒಂದು ಪ್ರಶ್ನೆಯನ್ನು ಕೇಳಲು ನಿರ್ಧರಿಸಿದೆ. ಅವತ್ತು ತಾವು ಯಾರಿಗೆ ಮತ ಹಾಕಿದಿರಿ, ಯಾಕೆ?

ಅರ್ಜಿ, ಫೋಟೋ, ತಟ್ಟೆ ಹಿಂದಿರುಗಿಸಲಾಗಿದೆ.

ಅಸ್ಸಾಫ್ ದಾಹಿರ್
ಮುಖ್ತಾರ್
(ಮುದ್ರೆ ಬೇಕೆಂದೇ ಒತ್ತಿಲ್ಲ)


ಐನ್ ಅಲ್ ಲೌಜ್
2 ಡಿಸೆಂಬರ್ 2003

ಸನ್ಮಾನ್ಯ ಮುಖ್ತಾರರೇ,

ಮತ ಗುಟ್ಟಿನದು. ಕಾನೂನನ್ನು ತಮ್ಮಂಥವರೇ ನಮ್ಮಂಥವರಿಗೆ ತಿಳಿಸಬೇಕು. ಪರದೆಯ ಹಿಂದೆ ಏನಾಯಿತೋ ಅದು ಪರದೆಯ ಹಿಂದೆಯೇ ಇರಲಿ.

ಈ ನಡುವೆ ನಾನು ಸುಮ್ಮನೆ ಕೂತಿಲ್ಲ. ಮನೆಯ ಹಕ್ಕುಪತ್ರ ಸಿಕ್ಕಿತು. ಆಲಿವ್ ತೋಟದ ಹಕ್ಕುಪತ್ರವೂ ಸಿಕ್ಕಿತು. ಹದಿನಾಲ್ಕು ಮರ ಎಂದು ಬರೆದಿದ್ದಾರೆ, ಇರುವುದು ಹದಿಮೂರು, ಒಂದು ಸಿಡಿಲಿಗೆ ಹೋಯಿತು. ಈಗ ಹೋದ ಮರಕ್ಕೆ ಸಾಕ್ಷಿ ಬೇಕಂತೆ. ಎದೆಯ ಫೋಟೋ ತೆಗೆಸಿದೆ. ಅದನ್ನು ತೆಗೆದವನು ‘ಉಸಿರು ಬಿಗಿ ಹಿಡಿಯಜ್ಜ’ ಅಂದು ಚಹಾ ಕುಡಿಯಲು ಹೋಗಿಬಿಟ್ಟ. ಇಷ್ಟೆಲ್ಲ ಕಾಗದಕ್ಕೂ ಮೂರೇ ತಿಂಗಳ ಆಯುಸ್ಸು. ಕುಟುಂಬದ ದಾಖಲೆ ತಡವಾದಷ್ಟೂ ಒಂದೊಂದೇ ಸಾಯುತ್ತ ಹೋಗುತ್ತವೆ. ಫೆಬ್ರುವರಿಯ ಕೊನೆಯೊಳಗೆ ರಾಯಭಾರ ಕಚೇರಿಗೆ ಎಲ್ಲವನ್ನೂ ಕೊಡದಿದ್ದರೆ ಮದುವೆಯ ಹೊತ್ತಿಗೆ ವೀಸಾ ಬರುವುದಿಲ್ಲ ಎಂದು ಬೈರೂತಿನಲ್ಲಿ ಬಾಯಿಬಿಟ್ಟು ಹೇಳಿದ್ದಾರೆ.

ನಾನು ಊರಿಗೆ ವಾಪಸು ಬರುತ್ತೇನೆ ಎನ್ನುವುದಕ್ಕೂ ಅವರಿಗೆ ಪುರಾವೆ ಬೇಕು. ‘ನೀವು ಹಿಂತಿರುಗಿ ಬರೋದಕ್ಕೆ ಕಾರಣವೇನು’ ಎಂದು ರಾಯಭಾರ ಕಚೇರಿಯ ಹುಡುಗಿ ಕೇಳಿದಳು. ಏನು ಕಾರಣ ಕೊಡಲಿ? ಹೆಂಡತಿ ಮಣ್ಣಿನಲ್ಲಿದ್ದಾಳೆ, ಮಗಳು ಅಲ್ಲಿದ್ದಾಳೆ, ಭಾವ ಮಾತು ಬಿಟ್ಟಿದ್ದಾನೆ.

ಕೊನೆಗೆ ವೃತ್ತಿಗೆ ಸಂಬಂಧಪಟ್ಟ ಒಂದು ಮಾತು. ಭಾನುವಾರ ಪೂಜೆಯಲ್ಲಿ ತಮ್ಮ ಮೀಸೆಯನ್ನು ಪಕ್ಕದ ಸಾಲಿನಿಂದ ನೋಡಿದೆ. ಪಟ್ಟಣದ ಆ ಕಟುಕ ಎಡಗಡೆಯನ್ನು ಏನು ಮಾಡಿಟ್ಟಿದ್ದಾನೆ? ಅದು ಏಕೆ ಹಾಗೆ ಮೇಲೆ ಏಳುತ್ತದೆ ಅನ್ನುವುದು ಅವನಿಗೆ ಗೊತ್ತಿಲ್ಲ. ಎಂಟನೆಯ ವಯಸ್ಸಿನಲ್ಲಿ ಹಿಪ್ಪುನೇರಳೆ ಮರದಿಂದ ಬಿದ್ದಾಗ ಅವನು ಕೆಳಗೆ ನಿಂತಿರಲಿಲ್ಲ. ಆ ಗಾಯದ ಮೇಲೆ ಕೂದಲು ಬಾಗುವುದಿಲ್ಲ, ಅದನ್ನು ಒದ್ದೆ ಮಾಡಿ ಬೆರಳಿನಿಂದ ಒಪ್ಪಿಸಬೇಕು. ಆ ಮುಖವನ್ನು ಹೊತ್ತುಕೊಂಡು ತಾವು ಊರಿನ ಪರವಾಗಿ ಸಹಿ ಹಾಕುತ್ತೀರಿ ಎಂದು ನೆನೆಸಿಕೊಂಡರೆ ನನಗೆ ನಾಚಿಕೆಯಾಗುತ್ತದೆ.

ಅರ್ಜಿಯನ್ನು ಮತ್ತೆ ಲಗತ್ತಿಸಿದ್ದೇನೆ.

ನಖ್ಲೆ ಸಿಮಾನ್


ಮನೆಯಿಂದ
17 ಡಿಸೆಂಬರ್ 2003

ಅಣ್ಣಾ,

ಅರ್ಜಿ ವಾಪಸು. ಈ ಸಲ ಇವರು ಅದರೊಂದಿಗೆ ಕಾಗದವನ್ನೂ ಬರೆಯಲಿಲ್ಲ, ಅದಕ್ಕೆ ನಾನು ಬರೆಯುತ್ತಿದ್ದೇನೆ. ಮೀಸೆಯ ಬಗ್ಗೆ ನೀನು ಬರೆದದ್ದನ್ನು ಓದಿ ಇವರು ಕನ್ನಡಿಯ ಮುಂದೆ ಅರ್ಧ ಗಂಟೆ ನಿಂತಿದ್ದರು. ಆಮೇಲೆ ಬೆರಳು ಒದ್ದೆ ಮಾಡಿಕೊಂಡು ಎಡಗಡೆಗೆ ಒತ್ತಿದರು. ನಾನು ನೋಡಿದ್ದು ಗೊತ್ತಾಗಿ ನನ್ನ ಮೇಲೆಯೇ ರೇಗಿದರು.

ನಿಮ್ಮಿಬ್ಬರ ನಡುವೆ ನಾನು ಅಂಚೆಪೆಟ್ಟಿಗೆಯಾಗಿ ಹೋಗಿದ್ದೇನೆ. ಅತ್ತ ಹೋದರೆ ಆ ಮುಖ, ಇತ್ತ ಬಂದರೆ ಈ ಮುಖ. ತಟ್ಟೆಯ ಅಡಿ ಕಾಗದ ಇಟ್ಟುಕೊಂಡು ಓಡಾಡುವ ನನ್ನನ್ನು ನೋಡಿ ಬೀದಿಯವರು ಏನೋ ಗುಟ್ಟು ಅಂದುಕೊಂಡಿದ್ದಾರೆ. ಅರವತ್ತೆರಡರಲ್ಲಿ ನನಗಿದು ಬೇಕಿತ್ತಾ?

ನಿನಗೊಂದು ವಿಷಯ ಹೇಳುತ್ತೇನೆ, ನಾನು ಹೇಳಿದೆ ಅನ್ನಬೇಡ. ನಜೀಬಾ ಅತ್ತಿಗೆ ಹೋದಾಗ ಅವಳ ಮರಣಪತ್ರಕ್ಕೆ ಇವರೇ ಮುದ್ರೆ ಒತ್ತಿದ್ದು. ‘ಆಣೆ ನಖ್ಲೆಯ ಹೆಸರಿಗೆ, ನಜೀಬಾಳದ್ದಕ್ಕಲ್ಲ’ ಅಂದರು. ಮಣ್ಣು ಮಾಡುವಾಗ ಕೊನೆಯ ಸಾಲಿನಲ್ಲಿ ನಿಂತಿದ್ದರು, ನೀನು ತಿರುಗಿ ನೋಡಲಿಲ್ಲ.

ಅವರಿಗೆ ಬೇಕಾಗಿರುವುದು ಒಂದೇ ಉತ್ತರ. ಕೊಟ್ಟುಬಿಡು. ಬೇರೆಯವನಿಗೆ ಹಾಕಿದ್ದರೆ ಹೌದು ಹಾಕಿದೆ ಅನ್ನು, ಒಂದು ದಿನ ಕೂಗಾಡುತ್ತಾರೆ, ಮುಗಿಯುತ್ತದೆ.

ತಂಗಿ ವದಾದ್


ಐನ್ ಅಲ್ ಲೌಜ್
12 ಜನವರಿ 2004

ಅಸ್ಸಾಫ್,

ಇವತ್ತು ಸನ್ಮಾನ್ಯ ಗಿನ್ಮಾನ್ಯ ಏನೂ ಇಲ್ಲ.

ನಿನ್ನೆ ಮುನಾ ಫೋನ್ ಮಾಡಿದ್ದಳು. ‘ಅಪ್ಪಾ, ಕಾಗದ ಆಗ್ಲಿಲ್ಲ ಅಂದ್ರೆ ಬೇಜಾರು ಮಾಡ್ಕೋಬೇಡ, ಅವರ ಚಿಕ್ಕಪ್ಪ ನನ್ನ ಕೈ ಹಿಡ್ಕೊಂಡು ಬರ್ತಾರಂತೆ’ ಅಂದಳು. ಮೀನಿನ ಅಂಗಡಿ ಇಟ್ಟಿರುವ ಯಾವನೋ ಗ್ರೀಕ್ ಚಿಕ್ಕಪ್ಪ. ನಾನು ಆಗಲಿ ಮಗಳೇ ಅಂದೆ. ಫೋನ್ ಇಟ್ಟ ಮೇಲೆ ಅಂಗಡಿಯ ಬಾಗಿಲು ಹಾಕಿಕೊಂಡು ಗಿರಾಕಿಯ ಕುರ್ಚಿಯಲ್ಲಿ ಕೂತು ಅತ್ತೆ. ಹಾಗಾಗಿ ಈಗ ಹೇಳುತ್ತಿದ್ದೇನೆ, ಕೇಳು.

ಅವತ್ತು ನಾನು ನಿನಗೇ ಮತ ಹಾಕಿದೆ.

ಪರದೆಯ ಹಿಂದೆ ಹೋಗಿ ನೀನು ಹೇಳಿದ ಹಾಗೆಯೇ ‘ತನ್ನೂಸನ ಅಪ್ಪ ಅಸ್ಸಾಫ್ ದಾಹಿರ್’ ಎಂದು ಬರೆದೆ. ಬರೆದು ನೋಡಿದರೆ ಹೆಸರು ಬೋಳುಬೋಳಾಗಿ ಕಂಡಿತು. ಮೂವತ್ತು ವರ್ಷ ನಿನ್ನನ್ನು ಹಾಗೆ ನೋಡಿದವನಲ್ಲ ನಾನು. ಬೆಳಗ್ಗೆ ಎಣ್ಣೆ ಹಚ್ಚಿದ ಕೈ, ಅದರ ಹದ ಇನ್ನೂ ಬೆರಳಿನಲ್ಲಿತ್ತು. ಕೈ ತನ್ನಷ್ಟಕ್ಕೆ ಹೆಸರಿನ ಕೆಳಗೆ ಒಂದು ಮೀಸೆ ಬರೆಯಿತು. ಚೆನ್ನಾಗಿ ಬಂತು ಎಂದು ಖುಷಿಪಟ್ಟು ಮಡಚಿ ಡಬ್ಬಿಗೆ ಹಾಕಿದೆ. ಚೀಟಿಯ ಮೇಲೆ ಹೆಸರಿನ ಹೊರತು ಒಂದು ಚುಕ್ಕೆ ಇದ್ದರೂ ಅದು ಸತ್ತಂತೆ ಎಂದು ನನಗೇನು ಗೊತ್ತು? ಮೂವತ್ತೈದು ವರ್ಷದಿಂದ ಮುಖ್ತಾರರಿಗೆ ಮತ ಹಾಕಿದವರು ಯಾರಿದ್ದರು, ಹೇಳಿಕೊಡಲು?

ಅಧಿಕಾರಿ ಅದನ್ನು ಎತ್ತಿ ಹಿಡಿದಾಗ ನಾನು ಬಾಗಿಲ ಬಳಿ ನಿಂತಿದ್ದೆ. ಎಲ್ಲರೂ ನಕ್ಕರು. ನೀನು ಎದ್ದು, ‘ಯಾವ ಕತ್ತೆ ಇದನ್ನ ಬರೆದಿದ್ದು, ಮುಂದೆ ಬರ್ಲಿ’ ಎಂದು ಗುಡುಗಿದೆ. ಮುಂದೆ ಬಂದು ನಾನೇ ಆ ಕತ್ತೆ ಅನ್ನುವ ಧೈರ್ಯ ನನಗೆ ಬರಲಿಲ್ಲ. ಆಮೇಲೆ ನೀನು ನನ್ನನ್ನು ದ್ರೋಹಿ ಅಂದೆ. ಯೋಚಿಸಿದೆ. ಕ್ಷೌರಕ್ಕೆ ಬಂದವರು ದ್ರೋಹಿಯ ಕೈಗೆ ಕತ್ತು ಕೊಡುತ್ತಾರೆ, ಸ್ವಲ್ಪ ಹೆದರಿಕೆಯಿಂದಲೇ ಕೊಡುತ್ತಾರೆ. ಕತ್ತೆಯ ಕೈಗೆ ಯಾರೂ ಕೊಡುವುದಿಲ್ಲ. ಹಾಗಾಗಿ ದ್ರೋಹಿಯಾಗಿಯೇ ಉಳಿದೆ. ಇದು ಗೊತ್ತಿದ್ದವಳು ನಜೀಬಾ ಒಬ್ಬಳೇ. ಸಾಯುವ ತನಕ ‘ಹೋಗಿ ಹೇಳಿ’ ಅಂತ ಬೈಯುತ್ತಿದ್ದಳು.

ಮಗಳ ಕೈ ಹಿಡಿಯುವುದಕ್ಕೆ ಕತ್ತೆಯಾಗಬೇಕೆಂದರೆ ಆಗುತ್ತೇನೆ. ಮುದ್ರೆ ಒತ್ತು.

ನಖ್ಲೆ


ಮುಖ್ತಾರರ ಕಚೇರಿ
19 ಜನವರಿ 2004

ನಖ್ಲೆ ಸಿಮಾನ್ ಅವರಿಗೆ,

ತಮ್ಮ ಹನ್ನೆರಡರ ಪತ್ರದಲ್ಲಿನ ಹೇಳಿಕೆಯನ್ನು ಕಚೇರಿ ಮೂರು ಸಲ ಓದಿದೆ.

ತಾವು ಕತ್ತೆ ಎಂಬ ತಮ್ಮ ಹೇಳಿಕೆಯನ್ನು ಅಲ್ಲಗಳೆಯುವ ಉದ್ದೇಶ ಕಚೇರಿಗಿಲ್ಲ. ಆದರೆ ಆ ಚೀಟಿಯ ಸುದ್ದಿ ಊರಿಗೆಲ್ಲ ಗೊತ್ತಿರುವುದರಿಂದ, ವೀಸಾ ಬೇಕಾದ ಯಾರು ಬೇಕಾದರೂ ‘ಅದು ನನ್ನದು’ ಅನ್ನಬಹುದು. ಅರ್ಜಿದಾರರ ಬಾಯಿಮಾತನ್ನು ದಾಖಲೆಯಿಲ್ಲದೆ ಒಪ್ಪುವ ಪದ್ಧತಿ ಇಲ್ಲ. ಸಾಕ್ಷಿಯೆಂದು ತೋರಿಸಿರುವ ವ್ಯಕ್ತಿ ದಿವಂಗತರಾಗಿದ್ದು, ಅದಕ್ಕೆ ಈ ಕಚೇರಿಯ ಮುದ್ರೆಯೇ ಸಾಕ್ಷಿ.

ಪುರಾವೆ ಒದಗಿಸತಕ್ಕದ್ದು.

ಅಸ್ಸಾಫ್ ದಾಹಿರ್
ಮುಖ್ತಾರ್


ಐನ್ ಅಲ್ ಲೌಜ್
20 ಜನವರಿ 2004

ಮುಖ್ತಾರರೇ,

ನಾನು ಮನುಷ್ಯ ಎನ್ನುವುದಕ್ಕೆ ಒಂಬತ್ತು ಕಾಗದ ಬೇಕು ಅಂದರು, ಸರಿ. ಕತ್ತೆ ಎನ್ನುವುದಕ್ಕೂ ಕಾಗದ ಬೇಕು ಎಂದು ಕೇಳಿದವರು ಈ ದೇಶದಲ್ಲಿ ನೀವೊಬ್ಬರೇ.

ಸಿಂಧುವಾದ ಚೀಟಿಗಳನ್ನೆಲ್ಲ ಅವತ್ತೇ ಸುಟ್ಟರು. ಅಸಿಂಧುವಾದದ್ದನ್ನು ನಡಾವಳಿಗೆ ಹೊಲಿದು ಪಟ್ಟಣಕ್ಕೆ ಕಳಿಸಿದರು, ನಾನೇ ನೋಡಿದೆ. ಹೋಗಿ ನೋಡಿಕೊಳ್ಳಿ. ಹೆಸರು ಹೇಗೆ ಬರೆದಿದೆ ನೋಡಿ. ಆಮೇಲೆ ಮೀಸೆಯ ಎಡತುದಿ ನೋಡಿ. ತಮ್ಮನ್ನು ಗೇಲಿ ಮಾಡುವ ಶತ್ರು ಎರಡೂ ಕಡೆ ಸಮನಾಗಿ ಬರೆದಿರುತ್ತಿದ್ದ.

ನಖ್ಲೆ


ಮುಖ್ತಾರರ ಕಚೇರಿ
8 ಫೆಬ್ರುವರಿ 2004

ನಖ್ಲೆ,

ಈ ಕಾಗದವನ್ನು ಕಚೇರಿಯ ಹಾಳೆಯಲ್ಲಿ ಬರೆಯುತ್ತಿರುವುದು ಬೇರೆ ಹಾಳೆ ಸಿಗಲಿಲ್ಲ ಎಂಬ ಕಾರಣಕ್ಕೆ.

ಪಟ್ಟಣಕ್ಕೆ ಮೂರು ದಿನ ತಿರುಗಿದೆ. ಮೊದಲ ದಿನ, ಹಳೆಯ ಕಡತ ನೋಡಬೇಕಾದರೆ ಕಾರಣ ಬರೆದು ಅರ್ಜಿ ಕೊಡಿ ಅಂದರು. ಕಾರಣ ಎಂಬಲ್ಲಿ ಏನು ಬರೆಯಲಿ? ‘ಮೀಸೆ’ ಎಂದು ಬರೆದೆ. ಎರಡನೆಯ ದಿನ, ಅರ್ಜಿಗೆ ನನ್ನ ಊರಿನ ಮುಖ್ತಾರರ ದೃಢೀಕರಣ ಬೇಕು ಅಂದರು. ನಾನೇ ಮುಖ್ತಾರ ಅಂದೆ. ತನಗೆ ತಾನೇ ದೃಢೀಕರಿಸುವಂತಿಲ್ಲ ಅಂದರು. ನಿಕೂಲಾನ ಹತ್ತಿರ ಹೋದರೆ ಅವನು ಕಾಫಿ ಕೊಟ್ಟ, ರಿಜಿಸ್ಟರು ತೆರೆದ, ಮುಚ್ಚಿದ. ಕೊನೆಗೆ ಅವನನ್ನೇ ಕಾರಿಗೆ ಹತ್ತಿಸಿಕೊಂಡು ಹೋಗಿ ಅಲ್ಲಿ ಬಾಯಿಮಾತಿನ ಸಾಕ್ಷಿ ಹೇಳಿಸಿದೆ. ಮೂರನೆಯ ದಿನ, ಬೀಗದ ಕೈ ಇದ್ದವನು ಮಾವನ ಮನೆಗೆ ಹೋಗಿದ್ದ. ಸಂಜೆ ನಾಲ್ಕಕ್ಕೆ ಬಂದ. ಹದಿನಾರು ವರ್ಷ ನಾನು ಪಟ್ಟಣದ ಕಚೇರಿಯಲ್ಲಿ ಗುಮಾಸ್ತನಾಗಿದ್ದೆ, ಐದು ವರ್ಷದಿಂದ ಮುಖ್ತಾರನಾಗಿದ್ದೇನೆ. ಜನ ನನ್ನ ಬಾಗಿಲಲ್ಲಿ ಏಕೆ ಆ ಮುಖ ಮಾಡಿಕೊಂಡು ನಿಲ್ಲುತ್ತಾರೆ ಎನ್ನುವುದು ಈಗ ಗೊತ್ತಾಯಿತು.

ಚೀಟಿ ಸಿಕ್ಕಿತು. ಹಳದಿಯಾಗಿದೆ. ‘ತನ್ನೂಸನ ಅಪ್ಪ ಅಸ್ಸಾಫ್ ದಾಹಿರ್.’ ಕೆಳಗೆ ಮೀಸೆ. ಎಡತುದಿ ಒಂದು ಎಳೆ ಮೇಲೆ ಎದ್ದಿದೆ. ಆ ಧೂಳಿನ ಕೋಣೆಯಲ್ಲಿ ನಿಂತು ಬಹಳ ಹೊತ್ತು ನೋಡಿದೆ. ನನ್ನನ್ನು ಅಷ್ಟು ಚೆನ್ನಾಗಿ ಯಾರೂ ಬರೆದಿಲ್ಲ, ನಖ್ಲೆ. ಐದೂವರೆ ವರ್ಷ ಅದರ ಮೇಲೆ ಬೇರೆ ಊರುಗಳ ಕಡತ ಬಿದ್ದಿತ್ತು.

ಅದರ ದೃಢೀಕೃತ ನಕಲು ಇದರೊಂದಿಗಿದೆ, ಮೂರು ಮುದ್ರೆ, ಎರಡು ಸ್ಟಾಂಪು. ಹಾಲಿ ನೀನು ಕತ್ತೆ ಎನ್ನುವುದು ಸರ್ಕಾರಿ ದಾಖಲೆ. ಅದೇ ಕಾಗದದಲ್ಲಿ ನಾನೇನು ಎನ್ನುವುದೂ ಇದೆ, ಯಾರೂ ಬರೆಯದಿದ್ದರೂ.

ಆಣೆ ಆಣೆಯೇ. ಊರೆದುರು ಆಡಿದ ಮಾತನ್ನು ತಿನ್ನುವವನಲ್ಲ ನಾನು. ನಾಳೆ ಬೆಳಗ್ಗೆ ಏಳಕ್ಕೆ, ಗಿರಾಕಿಗಳು ಬರುವ ಮುಂಚೆ ಬರುತ್ತೇನೆ. ಕತ್ತಿ ಮಸೆದಿಡು. ಕನ್ನಡಿಗೆ ಬಟ್ಟೆ ಹಾಕಿರು.

ಅಸ್ಸಾಫ್


ಐನ್ ಅಲ್ ಲೌಜ್
17 ಫೆಬ್ರುವರಿ 2004

ಮುನಾ ಪುಟ್ಟಿ,

ನಿನ್ನಪ್ಪ ಫೋನಿನಲ್ಲಿ ‘ಕಾಗದ ಆಯ್ತು’ ಅಂತಷ್ಟೇ ಹೇಳಿರುತ್ತಾನೆ. ಉಳಿದದ್ದನ್ನು ನಿನ್ನ ಅತ್ತೆಯೇ ಹೇಳಬೇಕು.

ಅವತ್ತು ನಿನ್ನ ಮಾವನ ಹಿಂದೆ ನಾನೂ ಹೋದೆ, ಇಬ್ಬರಲ್ಲಿ ಒಬ್ಬರಾದರೂ ಕತ್ತಿ ಹಿಡಿದಿರುತ್ತಾರಲ್ಲ ಅಂತ. ಇವರು ನೇರ ಹೋಗಿ ಕುರ್ಚಿಯಲ್ಲಿ ಕೂತರು. ನಿನ್ನಪ್ಪ ಬಿಳಿ ಬಟ್ಟೆ ಕಟ್ಟಿದ, ನೊರೆ ಮಾಡಿದ, ಆಮೇಲೆ ಬ್ರಷ್ ಹಿಡಿದುಕೊಂಡು ಹಾಗೆಯೇ ನಿಂತುಬಿಟ್ಟ.

‘ಬೇಡ ಭಾವ,’ ಅಂದ. ‘ಮದುವೇನ ಫೋಟೋದಲ್ಲಿ ನೋಡ್ತೀನಿ.’

‘ಮೀಸೆ ಇರೋ ತನಕ ಅಂತ ಹೇಳಿದ್ದೆ. ಮೀಸೆ ಹೋದ್ರೆ ನನ್ನ ಮಾತೂ ಉಳಿಯತ್ತೆ, ನೀನೂ ಹೋಗ್ತೀಯ. ತೆಗಿ.’

‘ಯಾವ ಕಡೆಯಿಂದ?’

‘ಎಡಗಡೆಯಿಂದ. ಅದು ತಾನೇ ಹಾಳಾಗಿರೋದು.’

ತೆಗೆದ. ಇಬ್ಬರ ಕಣ್ಣಲ್ಲೂ ನೀರು. ಸೋಪು ಹೋಯಿತು ಎಂದು ಇಬ್ಬರೂ ಹೇಳಿಕೊಂಡರು. ಮುಖ ಒರೆಸಿದ ಮೇಲೆ ನಿನ್ನಪ್ಪ ಕ್ಷೌರ ಮುಗಿದಾಗ ಎಲ್ಲ ಗಿರಾಕಿಗಳನ್ನೂ ಹರಸುವ ಹಾಗೆ ‘ನಈಮನ್’ ಅಂದ. ಇವರು ಎಲ್ಲ ಗಿರಾಕಿಗಳ ಹಾಗೆ ‘ದೇವರು ನಿಂಗೂ ಒಳ್ಳೇದು ಮಾಡ್ಲಿ’ ಅಂದರು. ಆಮೇಲೆ ಜೇಬಿನಿಂದ ಮುದ್ರೆ ತೆಗೆದು ಅಲ್ಲೇ, ಬಾಚಣಿಗೆಗಳ ನಡುವೆ, ಅರ್ಜಿಗೆ ಒತ್ತಿದರು. ಎಷ್ಟು ಜೋರಾಗಿ ಒತ್ತಿದರೆಂದರೆ ಎಣ್ಣೆಯ ಬಾಟಲಿ ಉರುಳಿತು.

ಮದುವೆಯಾಗಿ ನಲವತ್ತೊಂದು ವರ್ಷ, ಈ ಮನುಷ್ಯನ ಮೇಲ್ದುಟಿಯನ್ನು ನಾನು ನೋಡಿದ್ದು ಇದೇ ಮೊದಲು. ಮೊದಲೇ ನೋಡಿದ್ದರೆ ಸ್ವಲ್ಪ ಯೋಚಿಸುತ್ತಿದ್ದೆ.

ಕಥೆ ಇಲ್ಲಿಗೆ ಮುಗಿಯಲಿಲ್ಲ. ಅರ್ಜಿ ಹಿಡಿದು ಇಬ್ಬರೂ ಪಟ್ಟಣದ ನೋಂದಣಿ ಕಚೇರಿಗೆ ಹೋದರು, ನಾನು ಹಿಂದಿನ ಸೀಟಿನಲ್ಲಿ. ಅಲ್ಲಿ ಹೊಸ ಗುಮಾಸ್ತೆ. ಸಹಿ ಹಾಕಿದ ಮುಖ್ತಾರರ ಗುರುತಿನ ಚೀಟಿ ಕೇಳಿದಳು. ಅದರ ಫೋಟೋದಲ್ಲಿ ಅರ್ಧ ಮುಖ ಮೀಸೆಯೇ. ಅವಳು ಫೋಟೋ ನೋಡಿದಳು, ಇವರನ್ನು ನೋಡಿದಳು, ‘ಇದು ನೀವಲ್ಲ’ ಅಂದಳು. ಇವರು ಎಷ್ಟು ಜನರ ಫೋಟೋವನ್ನು ‘ಹೋಲಿಕೆ ಸಾಲದು, ಬೇರೆ ತನ್ನಿ’ ಎಂದು ವಾಪಸು ಕಳಿಸಿಲ್ಲ! ಬರಿಯ ತುಟಿ ನಡುಗಿತು. ಮೀಸೆ ಇದ್ದಾಗ ಅದೆಲ್ಲ ಕಾಣುತ್ತಿರಲಿಲ್ಲ, ಪುಟ್ಟಿ.

‘ಇವ್ರು ಯಾರು ಅಂತ ಗುರುತು ಹೇಳೋರು ಇದ್ರೆ ಬರೆದು ಕೊಡ್ಲಿ, ಇಲ್ಲಾಂದ್ರೆ ಈ ಮುದ್ರೆ ನಡೆಯಲ್ಲ’ ಅಂದಳು.

ನಾನು ಮುಂದೆ ಹೋದೆ. ಹೆಂಡತಿಯ ಸಾಕ್ಷಿ ಆಗುವುದಿಲ್ಲವಂತೆ. ಆಗ ನಿನ್ನಪ್ಪ ಟೋಪಿ ತೆಗೆದು ಕಿಟಕಿಗೆ ಬಂದ.

‘ನಂಗೆ ಗೊತ್ತು ಇವನು. ಮೂವತ್ತು ವರ್ಷ ಈ ಮುಖಾನ ನಾನೇ ನೋಡ್ಕೊಂಡಿದೀನಿ. ಎಡಗಡೆ ತುಟಿ ಮೇಲೆ ಗಾಯದ ಗುರುತಿದೆ ನೋಡಮ್ಮ, ಹಿಪ್ಪುನೇರಳೆ ಮರದಿಂದ ಬಿದ್ದಿದ್ದು. ನಾನು ಕೆಳಗಿದ್ದೆ.’

ಅವಳು ಬಗ್ಗಿ ನೋಡಿದಳು. ಗಾಯ ಇತ್ತು.

‘ನಿಮಗೆ ಇವರೇನಾಗ್ಬೇಕು?’

ನಿನ್ನಪ್ಪ ಟೋಪಿಯನ್ನು ಕಂಕುಳಲ್ಲಿ ಇಟ್ಟುಕೊಂಡ. ‘ಭಾವ. ಅದಕ್ಕೂ ಮುಂಚೆ ಸ್ನೇಹಿತ. ನಡುವೆ ಐದೂವರೆ ವರ್ಷ ಏನೂ ಆಗ್ಬೇಕಿರ್ಲಿಲ್ಲ.’

‘ಅಷ್ಟೆಲ್ಲ ಬರೆಯೋಕೆ ಇಲ್ಲಿ ಜಾಗ ಇಲ್ಲ,’ ಅಂದು ‘ಸ್ನೇಹಿತ’ ಎಂದು ಬರೆದುಕೊಂಡಳು. ನಿನ್ನಪ್ಪ ಸಹಿ ಮಾಡಿದ. ನಿನ್ನ ಮಾವ ಆ ಕಾಗದದ ನಕಲು ಕೇಳಿ ತೆಗೆದುಕೊಂಡರು. ಏಕೆ ಎಂದು ಗುಮಾಸ್ತೆ ಕೇಳಿದರೆ ‘ಕಚೇರಿಯ ಕಡತಕ್ಕೆ’ ಅಂದರು. ಅದು ಈಗ ಅವರ ದಿಂಬಿನ ಕೆಳಗಿದೆ.

ಆ ಮೀನಂಗಡಿಯ ಚಿಕ್ಕಪ್ಪನಿಗೆ ನನ್ನ ನಮಸ್ಕಾರ ಹೇಳು. ಅವನ ಕೈ ಬೇಕಾಗಿಲ್ಲ ಎಂದೂ ಹೇಳು.

ನಿನ್ನ ಅತ್ತೆ,
ವದಾದ್


ಸಿಡ್ನಿ
20 ಏಪ್ರಿಲ್ 2004

ಭಾವ,

ಮೊನ್ನೆ ಭಾನುವಾರ ಮುನಾಳ ಮದುವೆಯಾಯಿತು. ಬಾಗಿಲಿನಿಂದ ಬಲಿಪೀಠಕ್ಕೆ ಮೂವತ್ತೊಂದು ಹೆಜ್ಜೆ. ಹಿಂದಿನ ದಿನವೇ ಹೋಗಿ ಎಣಿಸಿಟ್ಟಿದ್ದೆ. ಅವಳ ಕೈ ನನ್ನ ಕೈಯಲ್ಲಿ ಬೆಚ್ಚಗಿತ್ತು. ಅರ್ಧ ದಾರಿಯಲ್ಲಿ ‘ಅಪ್ಪಾ, ನಿಧಾನ’ ಅಂದಳು. ಓಡುತ್ತಿದ್ದೆನಂತೆ. ನಜೀಬಾ ಇದ್ದಿದ್ದರೆ ಅಲ್ಲೇ ಬೈಯುತ್ತಿದ್ದಳು. ಮುಂದಿನ ಸಾಲಿನಲ್ಲಿ ನಮ್ಮ ಕಡೆಯವರು ಅಂತ ಯಾರೂ ಇರಲಿಲ್ಲ. ವದಾದ್ ಕಟ್ಟಿಕೊಟ್ಟ ಝಾತರ್ ಮಸಾಲೆಯ ಪೊಟ್ಟಣ ನನ್ನ ಕೋಟಿನ ಜೇಬಿನಲ್ಲಿತ್ತು, ಇಡೀ ಇಗರ್ಜಿ ನಮ್ಮ ಮನೆಯ ವಾಸನೆ ಹೊಡೆಯಿತು. ಅಳಿಯ ಒಳ್ಳೆಯವನು. ತಲೆಯನ್ನು ಸವರಿ ನೋಡಿದೆ, ಏನೂ ಮಾಡುವಂತಿಲ್ಲ.

ವೀಸಾದ ಸಂದರ್ಶನದ ವಿಷಯ ನಿನಗೆ ಹೇಳಿರಲಿಲ್ಲ, ಹೇಳಿದರೆ ಉಬ್ಬಿಹೋಗುತ್ತೀಯ ಅಂತ. ನಾನು ವಾಪಸು ಬರುತ್ತೇನೆ ಎನ್ನುವುದಕ್ಕೆ ಹಕ್ಕುಪತ್ರ ತೋರಿಸಿದೆ, ಹದಿಮೂರು ಮರ ತೋರಿಸಿದೆ. ಆ ಹುಡುಗಿಯ ಮುಖ ಅಲುಗಲಿಲ್ಲ. ಆಮೇಲೆ ನೀನು ಬರೆದುಕೊಟ್ಟ ದೃಢೀಕರಣ ಪತ್ರವನ್ನು ತರ್ಜುಮೆಯಲ್ಲಿ ಓದಿದಳು. ನನಗೆ ಅದು ಈಗ ಬಾಯಿಪಾಠ:

‘ಐನ್ ಅಲ್ ಲೌಜ್ ಕೆಳಗೇರಿಯ ಮುಖ್ತಾರನಾದ ನಾನು ದೃಢೀಕರಿಸುವುದೇನೆಂದರೆ, ನಖ್ಲೆ ಸಿಮಾನ್ ನನಗೆ ಐವತ್ತೆಂಟು ವರ್ಷಗಳಿಂದ ಗೊತ್ತು. ಅದರಲ್ಲಿ ಐದೂವರೆ ವರ್ಷ ನಾನು ಅವನನ್ನು ತಪ್ಪಾಗಿ ತಿಳಿದಿದ್ದೆ. ಅವನು ಮೇ ತಿಂಗಳೊಳಗೆ ಖಂಡಿತ ಹಿಂತಿರುಗುತ್ತಾನೆ. ಮೇ ತಿಂಗಳಲ್ಲಿ ಮುಖ್ತಾರರ ಚುನಾವಣೆಯಿದ್ದು, ಕಳೆದ ಸಲದ ಒಂದು ಮತವನ್ನು ಅವನು ಈ ಸಲ ತೀರಿಸಬೇಕಾಗಿದೆ. ಅಲ್ಲದೆ ನನ್ನ ಮೀಸೆ ಬೆಳೆಯುತ್ತಿದ್ದು, ಅವನ ಹೊರತು ಯಾರಿಗೂ ಅದನ್ನು ಮುಟ್ಟಲು ಬಿಡುವುದಿಲ್ಲ.’

ಹುಡುಗಿ ಅದನ್ನು ಎರಡು ಸಲ ಓದಿದಳು. ‘ಇದು ನಿಜವಾ?’ ಅಂದಳು. ಮೂರು ಮುದ್ರೆಯಿದೆ, ನಿಜವೇ ಇರಬೇಕು ಅಂದೆ. ನಕ್ಕು, ಮುದ್ರೆ ಒತ್ತಿದಳು.

ಇಪ್ಪತ್ತೊಂಬತ್ತಕ್ಕೆ ಹೊರಡುತ್ತೇನೆ. ಅಷ್ಟರಲ್ಲಿ ಎಡಗಡೆಯನ್ನು ಯಾರ ಕೈಗೂ ಕೊಡಬೇಡ, ಒದ್ದೆ ಬೆರಳಿನಿಂದ ಒತ್ತಿಕೊಂಡಿರು. ಚೀಟಿಯ ಬಗ್ಗೆ ಹೆದರಬೇಡ. ಈ ಸಲ ಹೆಸರು ಮಾತ್ರ ಬರೆಯುತ್ತೇನೆ. ಮೀಸೆಯನ್ನು ಬಂದ ಮೇಲೆ ನಿನ್ನ ಮುಖದ ಮೇಲೆಯೇ ಬರೆದುಕೊಡುತ್ತೇನೆ.

ನಿನ್ನ,
ನಖ್ಲೆ